ಗಾಜಿನ ಎಳೆ ಕಡೇ ಬೀದಿಗೂ ಬರಲಿ



ಇವತ್ತು ಒಂದು ಎಳೆಯ ವಿಷಯ ಮಾತಾಡೋಣ. ಎಳೆ ಅಂದರೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಯ ಕನ್ನಡ ಮನೆಗಳಲ್ಲಿ ಮಗ್ಗದ ಸದ್ದು ಕೇಳಿ ಬೆಳೆದವರು ಬಹಳ ಮಂದಿ ಇದ್ದೀರಿ. ಬನಿಯನ್ ಕಂಪನಿಗೆ ಹೋಗುವವರೂ ಇದ್ದೀರಿ. ಹತ್ತಿ ಎಳೆ, ರೇಷ್ಮೆ ಎಳೆ ನಿಮ್ಮ ಬೆರಳಿಗೇ ಗೊತ್ತು. ನಾನು ಹೇಳುವುದು ಗಾಜಿನ ಎಳೆ. ಇದನ್ನು ಆಪ್ಟಿಕಲ್ ಫೈಬರ್ ಅಂತಾರೆ. ಜನ ಸುಮ್ಮನೆ ಫೈಬರ್ ಅಂತ ಕರೀತಾರೆ. ಇಂಟರ್ನೆಟ್ ಈ ಎಳೆಯ ಮೇಲೆ ಬರುತ್ತದೆ.

ಈ ಎಳೆ ದೊಡ್ಡ ರಸ್ತೆವರೆಗೆ ಬರುತ್ತದೆ. ಎಷ್ಟೋ ಕಡೆ ಅಲ್ಲೇ ನಿಂತುಬಿಡುತ್ತದೆ. ಒಳಗಿನ ಬೀದಿಗೆ ಬರೋದಿಲ್ಲ. ಅದನ್ನು ಒಳಗೆ ತರೋದು ಹೇಗೆ? ಒಬ್ಬರ ಕೈಲಿ ಆಗದು. ಬೀದಿಯವರು ಸೇರಿದರೆ ಆಗುತ್ತದೆ.

ಗಾಜಿನ ಎಳೆ ಹೇಗೆ ಕೆಲಸ ಮಾಡುತ್ತೆ?

ಈ ಎಳೆ ತಲೆಗೂದಲಿನಷ್ಟು ಸಣ್ಣ. ಇದರೊಳಗೆ ಕರೆಂಟ್ ಹರಿಯೋದಿಲ್ಲ, ಬೆಳಕು ಹರಿಯುತ್ತದೆ. ಬೆಳಕು ಎಳೆಯ ಒಳಗೋಡೆಗೆ ತಾಗಿ, ಮತ್ತೆ ಒಳಕ್ಕೇ ತಿರುಗಿ, ಮುಂದೆ ಮುಂದೆ ಓಡುತ್ತದೆ. ಮಾತು, ಚಿತ್ರ, ಅಕ್ಷರ ಎಲ್ಲವೂ ಆ ಬೆಳಕಿನ ಮಿಣುಕಿನಲ್ಲಿ ಸಾಗುತ್ತವೆ. ಹಳೇ ಫೋನಿನ ತಾಮ್ರದ ತಂತಿಯಲ್ಲಿ ದೂರ ಹೋದಷ್ಟೂ ಬಲ ಕಮ್ಮಿಯಾಗುತ್ತಿತ್ತು. ಗಾಜಿನಲ್ಲಿ ಬಹಳ ದೂರ ಹೋದರೂ ಅಷ್ಟು ಕಮ್ಮಿಯಾಗೋದಿಲ್ಲ.

ಇದರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದವರ ದುಡಿಮೆಯೂ ಇದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1950ರ ದಶಕದಲ್ಲಿ ಲಂಡನ್ನಿನಲ್ಲಿ ಗಾಜಿನ ಎಳೆಗಳ ಕಂತೆಯ ಮೂಲಕ ಚಿತ್ರ ಸಾಗಿಸಿ ತೋರಿಸಿದರು. ಶುದ್ಧವಾದ ಗಾಜಿದ್ದರೆ ಸುದ್ದಿಯನ್ನು ಬಹುದೂರ ಕಳಿಸಬಹುದು ಎಂದು 1966ರಲ್ಲಿ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿ ಹೇಳಿದರು. ಅವರಿಗೆ 2009ರಲ್ಲಿ ನೊಬೆಲ್ ಬಹುಮಾನ ಬಂತು.

ಮಗ್ಗದಲ್ಲಿ ಎಳೆ ತುಂಡಾದರೆ ನೀವು ಗಂಟು ಹಾಕ್ತೀರಿ. ಗಾಜಿನ ಎಳೆಗೆ ಗಂಟು ಹಾಕೋಕೆ ಆಗಲ್ಲ. ಯಂತ್ರದಲ್ಲಿ ತುದಿ ಕಾಯಿಸಿ ಬೆಸೆಯಬೇಕು. ತುಂಬ ಬಗ್ಗಿಸಿದರೂ ಕೆಡುತ್ತದೆ. ಆದ್ದರಿಂದ ಮನೆಗೆ ಬಂದ ಎಳೆಗೆ ಬಟ್ಟೆ ಒಣಗಿ ಹಾಕಬೇಡಿ.

ನಮಗೇಕೆ ಬೇಕು?

"ನನ್ನ ಫೋನಿನಲ್ಲೇ ನೆಟ್ ಬರುತ್ತಲ್ಲ?" ಅಂತ ಕೇಳಬಹುದು. ಬರುತ್ತೆ, ನಿಜ. ಆದರೆ 2020ರಲ್ಲಿ ಶಾಲೆ ಮುಚ್ಚಿದ ದಿನ ನೆನಪು ಮಾಡಿಕೊಳ್ಳಿ. ಮನೆಗೆ ಒಂದು ಫೋನು, ಓದೋ ಮಕ್ಕಳು ಇಬ್ಬರು, ಮೂವರು. ಅಪ್ಪ ಕೆಲಸಕ್ಕೆ ಹೋದರೆ ಫೋನೂ ಹೋಯಿತು. ಫೈಬರ್ ಇದ್ದರೆ ಮನೆಯಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಒಂದೇ ಹೊತ್ತಿಗೆ ನಾಲ್ಕು ಜನ ಬಳಸಬಹುದು.

ಇನ್ನೊಂದು ಲೆಕ್ಕ ನೋಡಿ. ಪಟ್ಟಾ ನಕಲು, ಆದಾಯ ಪತ್ರ ಬೇಕಾದಾಗ ಇ-ಸೇವೈ ಮೈಯಕ್ಕೆ ಹೋಗ್ತೀರಿ. ಹೋಗಿ ಬರೋ ಬಸ್ ಚಾರ್ಜು ಬೇಕು. ಒಂದು ದಿನದ ಕೂಲಿಯೂ ಹೋಗುತ್ತದೆ. ಇದರಲ್ಲಿ ಹಲವು ಕೆಲಸ ಮನೆಯಲ್ಲೇ ಕೂತು ಮಾಡಬಹುದು. ಸಿರುಮುಗೈ ಕಡೆ ರೇಷ್ಮೆ ಸೀರೆ ನೇಯುವವರು ಸೀರೆಯ ಚಿತ್ರ ಕಳಿಸಿ ದೂರದ ಗಿರಾಕಿಗೆ ತೋರಿಸಬಹುದು.

ನಮ್ಮ ಬೀದಿಗೆ ಯಾಕೆ ಬರಲಿಲ್ಲ?

ಒಂದು ಲೆಕ್ಕ ಮಾಡೋಣ. ಸ್ಲೇಟು ತಗೊಳ್ಳಿ. ಒಂದು ಬೀದಿಗೆ ಎಳೆ ಎಳೆಯೋಕೆ 1,00,000 ರೂಪಾಯಿ ಖರ್ಚು ಅಂತ ಇಟ್ಟುಕೊಳ್ಳಿ. 5 ಮನೆಯವರು ಮಾತ್ರ ಸೇರಿದರೆ ಒಂದು ಮನೆಗೆ 20,000 ರೂಪಾಯಿ ಬೀಳುತ್ತದೆ. 50 ಮನೆಯವರು ಸೇರಿದರೆ? ಒಂದು ಮನೆಗೆ 2,000 ರೂಪಾಯಿ. ಅಗೆಯೋ ಗುಂಡಿ ಅದೇ, ನೆಡೋ ಕಂಬ ಅದೇ. ಮನೆ ಎಷ್ಟು ಅನ್ನೋದೇ ಕಂಪನಿಯವರ ಲೆಕ್ಕ.

ಸರ್ಕಾರದ ಎಳೆಯೂ ಇದೆ. ಪಂಚಾಯತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ ಈಗಿನ ಹೆಸರು ಭಾರತ್‌ನೆಟ್. ತಮಿಳುನಾಡಿನಲ್ಲಿ ಟಾನ್‌ಫಿನೆಟ್ ಎಂಬ ಸರ್ಕಾರಿ ಸಂಸ್ಥೆ 2022ರ ಜೂನ್‌ನಲ್ಲಿ ಕನ್ಯಾಕುಮಾರಿ ಜಿಲ್ಲೆಯಿಂದ ಕೆಲಸ ಶುರು ಮಾಡಿತು. ರಾಜ್ಯದ 12,525 ಗ್ರಾಮ ಪಂಚಾಯತಿಗಳನ್ನು ಮುಟ್ಟುವುದು ಅದರ ಗುರಿ. ಆದರೆ ಪಂಚಾಯತಿ ಕಚೇರಿಗೆ ಎಳೆ ಬಂದ ಮಾತ್ರಕ್ಕೆ ನಿಮ್ಮ ಮನೆಗೆ ಬಂದಂತಲ್ಲ. ಊರ ತೊಟ್ಟಿಗೆ ನೀರು ಬಂದರೆ ಸಾಕೇ? ಮನೆ ನಲ್ಲಿಗೂ ಬರಬೇಕಲ್ಲ.

ಇಂಗ್ಲೆಂಡಿನ ಹಳ್ಳಿಯವರು ಏನು ಮಾಡಿದರು?

ಇಂಗ್ಲೆಂಡಿನ ಉತ್ತರದಲ್ಲಿ ಲ್ಯಾಂಕಶೈರ್ ಅಂತ ಜಿಲ್ಲೆ ಇದೆ. ಅಲ್ಲಿನ ಹಳ್ಳಿಗಳಲ್ಲಿ ಮನೆಗಳು ದೂರ ದೂರ. ಕುರಿ, ದನ ಸಾಕುವವರು ಬಹಳ. "ಇಲ್ಲಿ ಲಾಭವಿಲ್ಲ" ಅಂತ ದೊಡ್ಡ ಕಂಪನಿಗಳು ಬರಲಿಲ್ಲ. ಆಗ 2011ರಲ್ಲಿ ಹಳ್ಳಿಯವರೇ ಒಂದು ಸಂಘ ಕಟ್ಟಿದರು. ಅದರ ಹೆಸರನ್ನು ಅವರು 'ಬಾರ್ನ್' ಅಂತ ಉಚ್ಚರಿಸುತ್ತಾರೆ. ಆ ಮಾತಿಗೆ ಅವರ ಭಾಷೆಯಲ್ಲಿ ಕಣಜ ಎಂಬ ಅರ್ಥವೂ ಇದೆ.

2012ರಲ್ಲಿ ಗುದ್ದಲಿ ಹಿಡಿದರು. ರೈತರು ತಮ್ಮ ಹೊಲದಲ್ಲಿ ಎಳೆ ಹಾಯಲು ದುಡ್ಡು ಕೇಳದೆ ದಾರಿ ಬಿಟ್ಟರು. ದುಡ್ಡಿದ್ದವರು ಸಂಘದ ಷೇರು ಕೊಂಡರು. ದುಡ್ಡಿಲ್ಲದವರು ಕಾಲುವೆ ಅಗೆದು ಕೂಲಿಯ ಬದಲು ಷೇರು ತಗೊಂಡರು. ಎಳೆ ಬೆಸೆಯುವ ಕೆಲಸವನ್ನೂ ಕಲಿತರು. ತಿಂಗಳಿಗೆ 30 ಪೌಂಡಿಗೆ 1,000 ಮೆಗಾಬಿಟ್ ವೇಗ ಕೊಟ್ಟರು. ನಮ್ಮ ದೇಶದಲ್ಲಿ ಬ್ರಾಡ್‌ಬ್ಯಾಂಡ್ ಅಂತ ಹೇಳಿಕೊಳ್ಳಲು 2023ರಿಂದ ಕನಿಷ್ಠ 2 ಮೆಗಾಬಿಟ್ ವೇಗ ಇದ್ದರೆ ಸಾಕು. 2 ಎಲ್ಲಿ, 1,000 ಎಲ್ಲಿ! ಶಾಲೆ, ಚರ್ಚು, ಊರ ಸಭಾಂಗಣಗಳಿಗೆ ಪುಕ್ಕಟೆ ಕೊಟ್ಟರು. ಮುಂದೆ ಹತ್ತು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಎಳೆ ಮುಟ್ಟಿಸಿದರು.

ನಾವೂ ಹಾಗೇ ಅಗೆದುಬಿಡಬಹುದಾ? ಇಲ್ಲ. ನಮ್ಮಲ್ಲಿ ಇಂಟರ್ನೆಟ್ ಮಾರಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಸಾರ್ವಜನಿಕ ರಸ್ತೆ ಅಗೆಯಲು ಅನುಮತಿ ಬೇಕು. ಆದರೆ ಅವರ ಬುದ್ಧಿ ನಮಗೂ ಬೇಕು. ಮೊದಲು ಜನ ಸೇರಿದರು, ಆಮೇಲೆ ಎಳೆ ಬಂತು.

ಇಂಗ್ಲೆಂಡು ದೂರ ಅನ್ನಬೇಡಿ. ನಮ್ಮ ಮೇಟ್ಟುಪಾಳ್ಯಂ ಪಕ್ಕದ ಓಡಂತುರೈ ಪಂಚಾಯತಿಯನ್ನೇ ನೋಡಿ. ಆರ್. ಷಣ್ಮುಗಂ ಅಧ್ಯಕ್ಷರಾಗಿದ್ದ ಕಾಲದಲ್ಲಿ, 2006ರಲ್ಲಿ, ಆ ಪಂಚಾಯತಿ ಸ್ವಂತ ಗಾಳಿಯಂತ್ರ ಹಾಕಿತು. ಅದರ ಬೆಲೆ ಸುಮಾರು 1 ಕೋಟಿ 55 ಲಕ್ಷ ರೂಪಾಯಿ. ಪಂಚಾಯತಿ ಉಳಿಸಿದ ದುಡ್ಡಿನ ಜೊತೆಗೆ ಬ್ಯಾಂಕಿನ ಸಾಲ ತಗೊಂಡರು. ತಮಗೆ ಬೇಕಾದಷ್ಟು ಕರೆಂಟ್ ಬಳಸಿ, ಮಿಕ್ಕಿದ್ದನ್ನು ವಿದ್ಯುತ್ ಮಂಡಳಿಗೆ ಮಾರಿದರು. ಕರೆಂಟಿಗೇ ಹೀಗೆ ದಾರಿ ಹುಡುಕಿದ ಸೀಮೆ ನಮ್ಮದು.

ಸಂಘ ಏನು ಮಾಡಬಹುದು?

ಒಂದು: ಸಭೆ ಸೇರಿ. ಸಂಘ ನೋಂದಾಯಿಸಬೇಕಾದರೆ ತಮಿಳುನಾಡಿನ 1975ರ ಕಾಯ್ದೆಯಂತೆ ಕನಿಷ್ಠ 7 ಜನ ಸಾಕು.

ಎರಡು: ಮನೆಗಳ ಪಟ್ಟಿ ಮಾಡಿ. ಬಾಗಿಲು ನಂಬರ್, ಹೆಸರು, ಸಹಿ. ಕಂಪನಿಯವರ ಮುಂದೆ ಬಾಯಿಮಾತಿಗಿಂತ ಈ ಪಟ್ಟಿಗೇ ಬೆಲೆ.

ಮೂರು: ಎರಡು ಮೂರು ಕಂಪನಿಗಳನ್ನು ಕೇಳಿ. ದರ ಬರೆದು ಕೊಡಿ ಅನ್ನಿ. ಬೀದಿಯನ್ನು ಒಂದೇ ಕಂಪನಿಗೆ ಬರೆದುಕೊಡಬೇಡಿ. ನಾಳೆ ದರ ಏರಿಸಿದರೆ ಬೇರೆ ದಾರಿ ಇರೋದಿಲ್ಲ.

ನಾಲ್ಕು: ಪಂಚಾಯತಿ ಅಥವಾ ನಗರಸಭೆಗೆ ಮನು ಕೊಡಿ. ಗ್ರಾಮ ಪಂಚಾಯತಿ ಆದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ತಮಿಳುನಾಡಿನಲ್ಲಿ ಅದು ವರ್ಷಕ್ಕೆ ಆರು ಸಲ: ಜನವರಿ 26, ಮಾರ್ಚ್ 22, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಅಲ್ಲಿ ಕೆಲಸ ಆಗದಿದ್ದರೆ ಸೋಮವಾರ ಕಲೆಕ್ಟರ್ ಕಚೇರಿಯಲ್ಲಿ ಮನು ಕೊಡೋ ದಿನ ಇದೆ. ಮನುವಿನ ನಕಲು ಇಟ್ಟುಕೊಳ್ಳಿ. ರಸೀತಿ ಕೇಳಿ ತಗೊಳ್ಳಿ.

ಐದು: ಅಗೆಯೋ ದಿನ ಕಾವಲಿರಿ. ನೀರಿನ ಪೈಪ್ ಒಡೆಯಬಾರದು. ಗುಂಡಿ ಮುಚ್ಚಿ ರಸ್ತೆ ಸರಿ ಮಾಡಿಯೇ ಹೋಗಬೇಕು.

ಮನುವಿನಲ್ಲಿ ಹೀಗೆ ಬರೆಯಬಹುದು:

"ನಮ್ಮ ಬಡಾವಣೆಯಲ್ಲಿ ಇಷ್ಟು ಬೀದಿ, ಇಷ್ಟು ಮನೆ ಇವೆ. ಇಷ್ಟು ಮನೆಯವರು ಫೈಬರ್ ಸಂಪರ್ಕ ಬೇಕೆಂದು ಸಹಿ ಮಾಡಿದ್ದೇವೆ. ಎಳೆ ಹಾಕಲು ಅನುಮತಿ ನೀಡಬೇಕು. ನಮ್ಮ ಶಾಲೆಗೂ ಗ್ರಂಥಾಲಯಕ್ಕೂ ಸಂಪರ್ಕ ಕೊಡಿಸಬೇಕು. ಸಹಿ ಪಟ್ಟಿ ಲಗತ್ತಿಸಿದೆ."

ಕಚೇರಿಯ ಭಾಷೆ ತಮಿಳು. ತಮಿಳು ಬರೆಯಬಲ್ಲವರಿಂದ ಬರೆಸಿ. ಆದರೆ ಪೂರ್ತಿ ಓದಿಸಿ ಕೇಳದೆ ಸಹಿ ಹಾಕಬೇಡಿ. ನಿಮ್ಮ ಸಹಿ ಕನ್ನಡದಲ್ಲೇ ಇರಲಿ, ನಾಚಿಕೆ ಬೇಡ.

ಸಂಘ ಯಾರದು?

ಇದು ಮುಖ್ಯವಾದ ಮಾತು. ಬಡಾವಣೆಯ ಮುಂದಿನ ಬೀದಿಯಲ್ಲಿ ಸ್ವಂತ ಮನೆಯವರು. ಕಡೇ ಬೀದಿಯಲ್ಲಿ ಬಾಡಿಗೆಯವರು, ಮಗ್ಗದವರು, ಬನಿಯನ್ ಕಂಪನಿಗೆ ಹೋಗುವವರು. ಸಂಘದ ಸಭೆ ಮುಂದಿನ ಬೀದಿಯಲ್ಲೇ ನಡೆದು ಮುಗಿದರೆ ಎಳೆಯೂ ಅಲ್ಲೇ ನಿಲ್ಲುತ್ತದೆ. "ಅವರಿಗೆ ಯಾಕೆ, ಓದು ಬರಹ ಬಾರದವರು" ಅಂತ ಪಟ್ಟಿಯಿಂದ ಬಿಟ್ಟುಬಿಡಬಹುದು. ಕರೆಯದಿದ್ದರೂ ಹೋಗಿ. ನಿಮ್ಮ ಮನೆ ನಂಬರ್ ಪಟ್ಟಿಯಲ್ಲಿ ಇದೆಯಾ ಅಂತ ನೀವೇ ಓದಿ ನೋಡಿ. ಹಾಸು ಒಂದೇ ಇದ್ದರೆ ಬಟ್ಟೆ ಆಗೋದಿಲ್ಲ, ಹೊಕ್ಕು ಎಳೆಯೂ ಬೇಕು. ಎಲ್ಲ ಬೀದಿಯೂ ಸೇರಿದರೇ ಅದು ಸಂಘ.

ಮನೆ ಮನೆಗೂ ಸಂಪರ್ಕ ತಗೊಳ್ಳೋಕೆ ದುಡ್ಡಿಲ್ಲ ಅನ್ನುವ ಬೀದಿಯೂ ಇರುತ್ತದೆ. ಅಲ್ಲಿ ಕಲಿಕಾ ಕೇಂದ್ರದಲ್ಲೋ ಗ್ರಂಥಾಲಯದಲ್ಲೋ ಒಂದು ಸಂಪರ್ಕ ಇರಲಿ ಅಂತ ಕೇಳಿ. ಮಕ್ಕಳು ಸಂಜೆ ಅಲ್ಲಿ ಕೂತು ಓದಲಿ.

ಸಹಿ ಹಾಕುವ ಮುಂಚೆ

ಕಂಪನಿಯವರು ಫಾರಂ ತಂದಾಗ ಇವನ್ನು ಓದಿ: ತಿಂಗಳ ದರ ಎಷ್ಟು? ಜೋಡಿಸುವ ಖರ್ಚು ಎಷ್ಟು? ಠೇವಣಿ ವಾಪಸ್ ಬರುತ್ತಾ? ಎಷ್ಟು ತಿಂಗಳು ಬಿಡೋ ಹಾಗಿಲ್ಲ? ತೆರಿಗೆ ಬೇರೆಯಾ? ಜಿಎಸ್‌ಟಿ ನೂರಕ್ಕೆ 18. ಅಂದರೆ 500 ರೂಪಾಯಿ ಅಂತ ಹೇಳಿದ್ದು 590 ಆಗುತ್ತದೆ. ಕರೆಂಟ್ ಹೋದರೆ ಮನೆಯ ಪೆಟ್ಟಿಗೆ ಆರುತ್ತದೆ, ಇದೂ ಗೊತ್ತಿರಲಿ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಬ್ಯಾಂಕಿನಿಂದ ಬಂದ ಓಟಿಪಿ ನಂಬರನ್ನು ಯಾರಿಗೂ ಹೇಳಬೇಡಿ.

ಬಂಧುಗಳೇ, ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಇವತ್ತು ಹೆಸರು ಬರೆಯುತ್ತದೆ. ಆ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಇದ್ದರೆ ಸಾಲದು. ಬೀದಿಯ ಮನುವಿನಲ್ಲೂ ಇರಲಿ. ಅಳದಿದ್ದರೆ ತಾಯಿಯೂ ಹಾಲು ಕೊಡೋಲ್ಲ ಅಂತಾರೆ. ಕೇಳೋಣ, ಬರೆದು ಕೇಳೋಣ, ಎಲ್ಲರೂ ಸೇರಿ ಕೇಳೋಣ.



ಚರ್ಚೆ ಮಾಡಿ

1. ನಿಮ್ಮ ಬಡಾವಣೆಯಲ್ಲಿ ಫೈಬರ್ ಎಳೆ ಎಲ್ಲಿಯವರೆಗೆ ಬಂದಿದೆ?
2. ನಿಮ್ಮ ಬೀದಿಯಲ್ಲಿ ಎಷ್ಟು ಮನೆ? ಬಾಡಿಗೆ ಮನೆಗಳನ್ನೂ ಎಣಿಸಿ ಪಟ್ಟಿ ಬರೆಯಿರಿ.
3. ತಿಂಗಳಿಗೆ 400 ರೂಪಾಯಿ ದರ. ಜಿಎಸ್‌ಟಿ ಸೇರಿ ಎಷ್ಟಾಗುತ್ತದೆ?
4. ಮೇಲಿನ ಮನುವನ್ನು ನಿಮ್ಮ ಕೈಯಲ್ಲಿ ಒಂದು ಸಲ ಬರೆದು ಸಹಿ ಹಾಕಿ.