ಕೊನೇ ಬಿಗಿ ಜಾಕ್ ಇಳಿಸಿದ ಮೇಲೆ

ಅವ್ವನ್ನ ಕೂಡಿಸಿಕೊಂಡು ನವಿಲುತೀರ್ಥದ ಡ್ಯಾಮ್ ನೋಡಿ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೆ. ಕಾರಿನ ಹಿಂದಿನ ಚಕ್ರದಾಗ ‘ಟಕ್ ಟಕ್’ ಸದ್ದು. ಆ ಶಾಕ್ ಅಬ್ಸಾರ್ಬರ್ ಹೊಸದು, ನಾನೇ ಹಾಕಿದ್ದು! ಬಿಚ್ಚಿ ನೋಡಿದರೆ ರಬ್ಬರ್ ಬುಷ್ ಹರಿದಿತ್ತು.

ತಪ್ಪು ನಂದೇ. ಗಾಡಿ ಜಾಕ್ ಮೇಲಿದ್ದು, ಚಕ್ರ ಜೋತುಬಿದ್ದಾಗಲೇ ಬೋಲ್ಟ್ ಪೂರ್ತಿ ಬಿಗಿದಿದ್ದೆ. ಬಿಗಿದ ಬುಷ್ ಬೋಲ್ಟಿನ ಸುತ್ತ ತಿರುಗೋದಿಲ್ಲ, ಒಳಗಿನ ರಬ್ಬರೇ ತಿರುಚಿಕೊಳ್ಳುತ್ತೆ. ಗಾಡಿ ಇಳಿಸಿದಾಗ ಬಂದ ಆ ತಿರುಚು ಹಂಗೇ ಉಳೀತು. ಒಂದೊಂದು ತಗ್ಗಿಗೂ ರಬ್ಬರ್ ಇನ್ನಷ್ಟು ಎಳೆದಾಡಿತು.

ಅದಕ್ಕೇ ಮೊದಲು ನಟ್ ಸಡಿಲ ಕೂಡಿಸಿ. ಚಕ್ರ ನೆಲಕ್ಕಿಳಿಸಿ. ಗಾಡಿಯ ಭಾರ ಕೂತ ಮೇಲೆ, ಕಂಪನಿ ಪುಸ್ತಕದಾಗ ಹೇಳಿದಷ್ಟೇ, ಟಾರ್ಕ್ ರೆಂಚಿನಿಂದ ಬಿಗೀರಿ. ಅಂದಾಜು ಬ್ಯಾಡ್ರಿ. ಹಿಂದಿನ ಸೀಟಿನಾಗ ನಮ್ಮವರು ಕೂತಿರ್ತಾರ.