ಸುಟ್ಟ ಗಾಯ ಮಾಯ್ದ ಮೇಲೆ



ಇವತ್ತು ಬೆಂಕಿಯ ವಿಷಯ ಮಾತಾಡೋಣ. ಮೈ ಸುಟ್ಟರೆ ನಾವು ಇಂಕು ಸುರಿಯುತ್ತೇವೆ, ದೋಸೆಹಿಟ್ಟು ಬಳಿಯುತ್ತೇವೆ. ಅದು ಬೇಡ. 20 ನಿಮಿಷ ತಣ್ಣೀರು ಹರಿಸಿ. ಶುಭ್ರ ಬಟ್ಟೆ ಹೊದಿಸಿ. 108ಕ್ಕೆ ಫೋನ್ ಮಾಡಿ. ಇಷ್ಟು ನೆನಪಿಡಿ. ನಾವು ಹೇಳಬೇಕಾದ ಮಾತು ಆಮೇಲಿನದು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಕ್ಕೆಂದೇ ವಿಭಾಗ ಇದೆ. ಅಂಥ ಕಡೆ ವಾರಗಟ್ಟಲೆ ಇದ್ದು, ತೊಡೆಯ ಚರ್ಮ ತೆಗೆದು ಕೈಗೆ ಹಾಕಿಸಿಕೊಂಡು ಒಬ್ಬ ಹೆಂಗಸು ಮನೆಗೆ ಬರುತ್ತಾಳೆ. ಊರವರು "ಬದುಕಿ ಬಂದಳಲ್ಲ, ಪುಣ್ಯ" ಅಂತಾರೆ. ಅವಳಿಗೆ ಮಾತ್ರ ಆವತ್ತಿನಿಂದ ಇನ್ನೊಂದು ಕಷ್ಟ ಶುರು.

ರಾತ್ರಿ ನಿದ್ದೆ ಬರಲ್ಲ. ಬಂದರೆ ಕನಸಲ್ಲಿ ಅದೇ ಬೆಂಕಿ. ಕಡ್ಡಿ ಗೀರಿದ ಸದ್ದಿಗೆ ಎದೆ ಹೊಡೆದುಕೊಳ್ಳುತ್ತೆ. ಒಲೆ ಮುಂದೆ ಕೂರಲಾರಳು. ಮನೆಯವರು "ಸೋಮಾರಿ" ಅಂತಾರೆ. ಸೋಮಾರಿತನ ಅಲ್ಲ ಅದು. ಆದದ್ದನ್ನು ಮನಸ್ಸು ಇನ್ನೂ ಬಿಟ್ಟಿಲ್ಲ. ಇದಕ್ಕೆ ಡಾಕ್ಟರ ಹತ್ತಿರ ಚಿಕಿತ್ಸೆ ಇದೆ. ಮಾಯ್ದ ಚರ್ಮವೂ ತಿಂಗಳುಗಟ್ಟಲೆ ನವೆಯಾಗುತ್ತೆ, ಬಿಗಿಯುತ್ತೆ. ಅದರಿಂದಲೂ ನಿದ್ದೆ ಕೆಡುತ್ತೆ, ಸಿಟ್ಟು ಬರುತ್ತೆ.

ಕನ್ನಡಿ ನೋಡಲ್ಲ. ಸಂತೆಗೆ ಹೋಗಲ್ಲ. ಮದುವೆಗೆ ಕರೆದರೆ ಮೈ ಸರಿಯಿಲ್ಲ ಅಂತಾಳೆ. ಮೊದಲ ದಿನ ಸ್ವಂತ ಮಗುವೇ ಹೆದರಿ ಅತ್ತರೆ ಅವಳ ಜೀವ ಹೋದ ಹಾಗೆ. (ಅಮ್ಮನ ಮುಖ ಹೀಗಾಗಿದೆ ಅಂತ ಮಗುವಿಗೆ ಮೊದಲೇ ಹೇಳಿಡಿ.) ದೊಡ್ಡ ಗಾಯಕ್ಕೇ ದೊಡ್ಡ ದುಃಖ ಅಂತಲೂ ಇಲ್ಲ. ಸೆರಗಿನೊಳಗೆ ಅಂಗೈಯಗಲ ಕಲೆ ಇರೋಳೂ ಒಳಗೇ ಬೇಯುತ್ತಿರಬಹುದು.

ಇನ್ನೊಂದನ್ನು ಹೇಳದೆ ಇರಲಾರೆವು. "ಸ್ಟೋವ್ ಸಿಡಿಯಿತು" ಅಂತ ಬರೆಸಿದ್ದೆಲ್ಲ ಸ್ಟೋವ್ ಸಿಡಿದದ್ದಲ್ಲ. ಬೆಂಕಿ ಹಚ್ಚಿದವರ ಜೊತೆಗೇ, ಬಾಯಿ ಮುಚ್ಚಿಕೊಂಡು ಬದುಕುವವಳ ಮನಸ್ಸು ಹೇಗೆ ಮಾಯಬೇಕು? ಅವಳಿಗೆ ಮೊದಲು ಭಯವಿಲ್ಲದ ಜಾಗ ಬೇಕು. 181 ಮಹಿಳಾ ಸಹಾಯವಾಣಿಯ ನಂಬರು. ಗೋಡೆ ಮೇಲೆ ಬರೆದಿಡಿ. ಈಗ ನಮಗೆ ಬರೆಯೋಕೆ ಬರುತ್ತಲ್ಲ!

ನೆರೆಯವರು "ಹೇಗಾಯ್ತು, ತೋರಿಸು" ಅಂತ ಕೇಳಬೇಡಿ. ಮುಖ ತಿರುಗಿಸಲೂ ಬೇಡಿ. ಮೊದಲಿನ ಹಾಗೇ ಹೆಸರಿಡಿದು ಕರೆಯಿರಿ. ಹೂ ಕಟ್ಟುವಾಗ ಪಕ್ಕಕ್ಕೆ ಕೂರಿಸಿಕೊಳ್ಳಿ. "ಸಾಯಬೇಕು" ಅಂತ ಒಂದು ಸಲ ಅಂದರೂ ಒಂಟಿ ಬಿಡಬೇಡಿ. 14416ಕ್ಕೆ ಫೋನ್ ಮಾಡಿಸಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆ ಅದು. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರನ್ನೂ ಕೇಳಿ.

ಬಸ್ಸಿನಲ್ಲಿ ಜನ ನೋಡ್ತಾರೆ ಅನ್ನೋ ಹೆದರಿಕೆಗೇ ಕೆಲವರು ಮತ್ತೆ ಆಸ್ಪತ್ರೆಗೆ ಹೋಗೋದಿಲ್ಲ. ನಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ ಪಕ್ಕದ ಸೀಟಲ್ಲಿ ಕೂರೋಣ. ಕಿಟಕಿ ಕಡೆ ಅವಳಿಗೇ ಬಿಡೋಣ.