ಉಗುರ ಮೇಲಿನ ಕಾಗೆಬಂಗಾರ



ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಯಾವುದೇ ಊರಿನ ಅಂಗಡಿ ಸಾಲನ್ನು ಗಮನಿಸಿ. ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಒಂದಾದರೂ ಕಣ್ಣಿಗೆ ಬೀಳುತ್ತದೆ. ಪುಟ್ಟ ಮೇಜಿನ ಈಚೆಗೆ ಒಬ್ಬರು ಕೈ ಚಾಚಿ ಕುಳಿತಿರುತ್ತಾರೆ. ಆಚೆಗೆ ಇನ್ನೊಬ್ಬರು ಮೂಗು, ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ತಲೆ ಬಗ್ಗಿಸಿ, ಸಣ್ಣ ಕುಂಚದಿಂದ ಒಂದೊಂದೇ ಬೆರಳಿಗೆ ಬಣ್ಣ ಎಳೆಯುತ್ತಿರುತ್ತಾರೆ. ಕೆಂಪು, ಕಡುಹಸಿರು, ಅದರ ಮೇಲೆ ಬಂಗಾರದ ಇಲ್ಲವೇ ಬೆಳ್ಳಿಯ ಮಿನುಗು. ಕ್ರಿಸ್‌ಮಸ್‌ಗೆ, ಹೊಸ ವರ್ಷದ ಔತಣಕ್ಕೆ ಕೈಗಳು ಸಿದ್ಧವಾಗುವುದು ಹೀಗೆ.

ಉಗುರಿನ ಮೇಲೆ ಎರಡು ವಾರ ಇದ್ದು ಹೋಗುವ ಈ ಮಿನುಗು ನೋಡಲು ಹಗುರವಾದ ವಿಷಯ. ಆದರೆ ಅದರ ಬೆನ್ನು ಹತ್ತಿ ಹೊರಟರೆ ದಾರಿ ಒಂದು ಮದ್ದಿನ ಕಾರ್ಖಾನೆಗೆ, ಒಂದು ಕಾರಿನ ಕಾರ್ಖಾನೆಗೆ, ಮೀನುಗಾರರ ಬಲೆಗೆ, ನಿರಾಶ್ರಿತರ ಶಿಬಿರಕ್ಕೆ, ಕೊನೆಗೆ ಜಾರ್ಖಂಡದ ಕಾಡಿನ ಬಿಲಗಳಿಗೂ ಕರೆದೊಯ್ಯುತ್ತದೆ.

ಕತ್ತಲೆಯ ತಿಂಗಳ ಹೊಳಪು

ಚಳಿಗಾಲದ ಹಬ್ಬಕ್ಕೇ ಏಕೆ ಈ ಮಿನುಗು? ಉತ್ತರ ಯೂರೋಪಿನ ಆಕಾಶದಲ್ಲಿ ಇದಕ್ಕೆ ಉತ್ತರವಿದೆ. ಡಿಸೆಂಬರ್ 21ರ ಆಸುಪಾಸಿನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆಯ ನಂತರ. ಮಧ್ಯಾಹ್ನ ಮೂರು ಹೊಡೆಯುವ ಮೊದಲೇ ಮುಳುಗಿಬಿಡುತ್ತಾನೆ. ಅಂಥ ನಾಡಿನಲ್ಲಿ ಒಂದು ಮೇಣದಬತ್ತಿಯ ಬೆಳಕನ್ನು ಹತ್ತಾಗಿಸುವ ವಸ್ತುವಿಗೆಲ್ಲ ಬೆಲೆ. ಜರ್ಮನಿಯವರು ಕ್ರಿಸ್‌ಮಸ್ ಮರಕ್ಕೆ ಬೆಳ್ಳಿಯ ತೆಳು ಎಳೆಗಳನ್ನು ಇಳಿಬಿಟ್ಟರು. ಅಲ್ಲಿನ ತುರಿಂಜಿಯಾ ಪ್ರಾಂತದ ಲೌಷಾ ಎಂಬ ಊರಿನ ಗಾಜಿನ ಕಸುಬುದಾರರು 19ನೇ ಶತಮಾನದಲ್ಲಿ ಊದಿದ ಗಾಜಿನ ಗೋಲಗಳಿಗೆ ಒಳಗಿನಿಂದ ಬೆಳ್ಳಿಯ ಲೇಪ ಕೊಟ್ಟು ಜಗತ್ತಿಗೆಲ್ಲ ಮಾರಿದರು. ಅಮಾವಾಸ್ಯೆಯ ಕತ್ತಲಲ್ಲಿ ದೀಪಾವಳಿಯ ಹಣತೆ ಹಚ್ಚುವವರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಉಗುರಿಗೆ ಬಣ್ಣ ಹಚ್ಚುವ ಆಸೆಯಂತೂ ಬಹಳ ಹಳೆಯದು. ಕನ್ನಡ ನಾಡಿನ ಹೆಣ್ಣುಮಕ್ಕಳು ಆಷಾಢದಲ್ಲಿ ಗೋರಂಟಿ ಸೊಪ್ಪನ್ನು ಅರೆದು ಬೆರಳ ತುದಿಗೆ ಟೋಪಿಯಂತೆ ಇಟ್ಟುಕೊಳ್ಳುವುದು ಇಂದಿಗೂ ಉಂಟು. ಆದರೆ ಗೋರಂಟಿ ಉಗುರಿನೊಳಕ್ಕೆ ಇಳಿಯುವ ಬಣ್ಣ. ಉಗುರು ಬೆಳೆದಂತೆ ಅದೂ ಮುಂದೆ ಸರಿಯುತ್ತದೆಯೇ ಹೊರತು ಎದ್ದು ಬರುವುದಿಲ್ಲ. ಸೀಸೆಯಲ್ಲಿ ಸಿಗುವ ನೇಲ್ ಪಾಲಿಶ್ ಹಾಗಲ್ಲ. ಅದು ಉಗುರಿನ ಮೇಲೆ ಕೂರುವ ಒಂದು ತೆಳುವಾದ ಹಾಳೆ. ಆ ಹಾಳೆಯ ಕಥೆ ಬೇರೆಯೇ ಇದೆ.

ಮದ್ದಿನಿಂದ ಮೋಟಾರಿಗೆ, ಮೋಟಾರಿನಿಂದ ಉಗುರಿಗೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಕ್ರಿಶ್ಚಿಯನ್ ಶೋನ್‌ಬೈನ್ 1840ರ ದಶಕದಲ್ಲಿ ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಅದ್ದಿ ಹೊಸ ಸಿಡಿಮದ್ದನ್ನು ತಯಾರಿಸಿದ. ಅಡುಗೆಮನೆಯಲ್ಲಿ ಚೆಲ್ಲಿದ ಆಮ್ಲವನ್ನು ಹೆಂಡತಿಯ ಏಪ್ರನ್‌ನಿಂದ ಒರೆಸಿ ಒಣಹಾಕಿದಾಗ ಅದು ಭುಗ್ಗೆಂದು ಉರಿದುಹೋಯಿತು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ಹೇಗೇ ಇರಲಿ, ವಸ್ತು ಮಾತ್ರ ನಿಜ. ಅದೇ ನೈಟ್ರೋಸೆಲ್ಯುಲೋಸ್. ಹಳೆಯ ಸಿನಿಮಾ ರೀಲುಗಳು ತಯಾರಾದದ್ದೂ ಇದರಿಂದಲೇ.

ಮೊದಲ ಮಹಾಯುದ್ಧ ಮುಗಿದಾಗ ಮದ್ದಿಗೆ ಬೇಡಿಕೆ ಕುಸಿಯಿತು. ನೈಟ್ರೋಸೆಲ್ಯುಲೋಸ್ ತಯಾರಕರು ಹೊಸ ಗಿರಾಕಿಗಳನ್ನು ಹುಡುಕಿದರು. ಅಮೆರಿಕದ ಡುಪಾಂಟ್ ಕಂಪನಿ 1923ರಲ್ಲಿ ‘ಡ್ಯೂಕೊ’ ಎಂಬ ಬೇಗ ಒಣಗುವ ಕಾರಿನ ಬಣ್ಣವನ್ನು ಹೊರತಂದಿತು. ಅಲ್ಲಿಯವರೆಗೆ ಒಂದು ಕಾರಿಗೆ ಬಣ್ಣ ಹಚ್ಚಿ ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಡ್ಯೂಕೊ ಬಂದ ಮೇಲೆ ಕೆಲವೇ ದಿನ ಸಾಕಾಯಿತು. ಕ್ಯೂಟೆಕ್ಸ್ ಕಂಪನಿಯ ನೇಲ್ ಪಾಲಿಶ್ 1917ರ ಸುಮಾರಿಗೇ ಮಾರುಕಟ್ಟೆಯಲ್ಲಿತ್ತಾದರೂ, ಉಗುರು ಬಣ್ಣದ ವ್ಯಾಪಾರಕ್ಕೆ ನಿಜವಾದ ಮೈ ಬಂದದ್ದು ಕಾರಿನ ಬಣ್ಣದ ತಂತ್ರಜ್ಞಾನ ಕೈಗೆಟುಕಿದ ಮೇಲೆ.

1932ರಲ್ಲಿ, ಆರ್ಥಿಕ ಕುಸಿತದ ನಡುವೆ, ಚಾರ್ಲ್ಸ್ ಮತ್ತು ಜೋಸೆಫ್ ರೆವ್‌ಸನ್ ಎಂಬ ಸೋದರರು ಚಾರ್ಲ್ಸ್ ಲ್ಯಾಕ್‌ಮನ್ ಎಂಬ ರಸಾಯನ ತಂತ್ರಜ್ಞನ ಜತೆ ಸೇರಿ ಒಂದು ಕಂಪನಿ ಕಟ್ಟಿದರು. ಲ್ಯಾಕ್‌ಮನ್‌ನ ‘ಎಲ್’ ಅಕ್ಷರ ರೆವ್‌ಸನ್ ಹೆಸರಿನೊಳಗೆ ಸೇರಿ ‘ರೆವ್ಲಾನ್’ ಆಯಿತು. ಅದುವರೆಗಿನ ಬಣ್ಣಗಳಲ್ಲಿ ಉಗುರು ಹಾಗೇ ಕಾಣುತ್ತಿತ್ತು. ಇವರು ಕರಗುವ ಬಣ್ಣದ ಬದಲು ಪುಡಿಬಣ್ಣ ಬಳಸಿ, ಉಗುರನ್ನು ಪೂರ್ತಿ ಮುಚ್ಚುವ ದಟ್ಟ ಬಣ್ಣ ಕೊಟ್ಟರು. ವ್ಯಾಪಾರ ಕುದುರಿತು.

ಹೊಳಪಿನ ಮೂರು ಮನೆತನ

ಬಣ್ಣವಾಯಿತು, ಹೊಳಪು ಬಂದದ್ದೆಲ್ಲಿಂದ? ಇದಕ್ಕೆ ಮೂರು ಮನೆತನಗಳಿವೆ.

ಮೊದಲನೆಯದು ಮೀನಿನದು. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಜಪಮಾಲೆ ತಯಾರಕರು ಸಣ್ಣ ನದಿಮೀನೊಂದರ ಹುರುಪೆಯಿಂದ ಮುತ್ತಿನ ಕಾಂತಿಯ ದ್ರವ ತೆಗೆದು ಗಾಜಿನ ಮಣಿಗಳಿಗೆ ತುಂಬಿ ನಕಲಿ ಮುತ್ತು ಮಾಡುತ್ತಿದ್ದರು. ಮೀನಿನ ಹುರುಪೆಯಲ್ಲಿರುವ ಗ್ವಾನಿನ್ ಎಂಬ ಹರಳು ಆ ಕಾಂತಿಯ ಮೂಲ. 20ನೇ ಶತಮಾನದಲ್ಲಿ ಹೆರಿಂಗ್ ಮೀನಿನ ಹುರುಪೆಯಿಂದ ತೆಗೆದ ಇದೇ ವಸ್ತು ಮುತ್ತಿನ ಹೊಳಪಿನ ನೇಲ್ ಪಾಲಿಶ್‌ಗೆ ಬಂತು.

ಎರಡನೆಯದು ಕಲ್ಲಿನದು. ಮೀನು ದುಬಾರಿ, ಅದಕ್ಕೆ ಬದಲಿಯಾಗಿ 1960ರ ದಶಕದಲ್ಲಿ ಅಭ್ರಕದ ತೆಳು ಚೂರುಗಳಿಗೆ ಟೈಟಾನಿಯಂ ಡೈಆಕ್ಸೈಡ್ ಲೇಪ ಕೊಡುವ ವಿಧಾನ ರೂಪುಗೊಂಡಿತು. ಲೇಪದ ದಪ್ಪ ಬದಲಾದಂತೆ ಹೊಳಪಿನ ಬಣ್ಣವೂ ಬದಲಾಗುತ್ತದೆ. ಸೋಪಿನ ಗುಳ್ಳೆಯ ಮೇಲೆ ಕಾಮನಬಿಲ್ಲು ಆಡುವುದೂ ಇದೇ ಕಾರಣಕ್ಕೆ.

ಮೂರನೆಯದು ಪ್ಲಾಸ್ಟಿಕ್ಕಿನದು. ‘ಗ್ಲಿಟರ್’ ಎಂದು ಎಲ್ಲರೂ ಕರೆಯುವ ದಪ್ಪ ಮಿನುಗು ಇದೇ. ಅಮೆರಿಕದ ನ್ಯೂಜೆರ್ಸಿಯಲ್ಲಿ ಹೆನ್ರಿ ರುಷ್‌ಮನ್ ಎಂಬ ಯಂತ್ರ ತಯಾರಕ 1934ರಲ್ಲಿ ತೆಳು ಹಾಳೆಗಳನ್ನು ಪುಡಿಪುಡಿಯಾಗಿ ಕತ್ತರಿಸುವ ವಿಧಾನ ಕಂಡುಕೊಂಡ ಎಂದು ಹೇಳಲಾಗುತ್ತದೆ. ಈಗಿನ ಗ್ಲಿಟರ್ ಎಂದರೆ ಅಲ್ಯೂಮಿನಿಯಂ ಲೇಪಿಸಿದ ಪಾಲಿಯೆಸ್ಟರ್ ಹಾಳೆಯ ಚೂರು. ಭೂತಗನ್ನಡಿ ಹಿಡಿದು ನೋಡಿದರೆ ಬಹುಪಾಲು ಚೂರುಗಳಿಗೆ ಆರು ಮೂಲೆ ಕಾಣುತ್ತವೆ. ಜೇನುಗೂಡಿನ ಲೆಕ್ಕಾಚಾರವೇ ಇಲ್ಲೂ ನಡೆಯುವುದು: ಷಟ್ಕೋನಗಳನ್ನು ಒತ್ತೊತ್ತಾಗಿ ಕತ್ತರಿಸಿದರೆ ಹಾಳೆ ವ್ಯರ್ಥವಾಗುವುದಿಲ್ಲ.

ಚೂರು ಕತ್ತರಿಸಿದರಷ್ಟೇ ಸಾಲದು, ಅದು ಸೀಸೆಯ ತಳಕ್ಕೆ ಇಳಿಯದಂತೆಯೂ ನೋಡಿಕೊಳ್ಳಬೇಕು. ಅದಕ್ಕೆ ಒಂದು ಬಗೆಯ ಜೇಡಿಮಣ್ಣನ್ನು ಬೆರೆಸುತ್ತಾರೆ. ಸುಮ್ಮನಿದ್ದಾಗ ದ್ರವ ಗಟ್ಟಿಯಾಗಿ ಚೂರನ್ನು ಹಿಡಿದುಕೊಳ್ಳುತ್ತದೆ. ಅಲುಗಿಸಿದಾಗ ತೆಳ್ಳಗಾಗಿ ಹರಿಯುತ್ತದೆ. ಟೊಮೆಟೊ ಸಾಸಿನ ಬಾಟಲಿ ಕುಲುಕಿದವರಿಗೆಲ್ಲ ಈ ಗುಣ ಗೊತ್ತು. ಸೀಸೆ ಅಲ್ಲಾಡಿಸಿದಾಗ ಟಿಕ್ ಟಿಕ್ ಎನ್ನುವುದು ಬಣ್ಣ ಕಲಕಲೆಂದೇ ಹಾಕಿದ ಪುಟ್ಟ ಉಕ್ಕಿನ ಗುಂಡು.

ಇಪ್ಪತ್ತು ಮಂದಿ ಹೆಂಗಸರು

ಸೀಸೆಯ ಕಥೆ ಇಷ್ಟು. ಕುಂಚ ಹಿಡಿದ ಕೈಯದು ಇನ್ನೊಂದು ಕಥೆ.

1975ರ ಏಪ್ರಿಲ್ 30ರಂದು ಸೈಗಾನ್ ನಗರ ಬಿತ್ತು. ವಿಯೆಟ್ನಾಂ ಬಿಟ್ಟು ಓಡಿಬಂದ ಸಾವಿರಾರು ಕುಟುಂಬಗಳು ಅಮೆರಿಕದ ಶಿಬಿರಗಳನ್ನು ಸೇರಿದವು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿಯ ‘ಹೋಪ್ ವಿಲೇಜ್’ ಅಂಥದೊಂದು ಶಿಬಿರ. ಹಿಚ್‌ಕಾಕ್‌ನ ‘ದಿ ಬರ್ಡ್ಸ್’ ಚಿತ್ರದ ನಟಿ ಟಿಪ್ಪಿ ಹೆಡ್ರನ್ ಅಲ್ಲಿ ಸ್ವಯಂಸೇವಕಿಯಾಗಿದ್ದರು. ಟೈಪಿಂಗ್, ಹೊಲಿಗೆ, ಹೀಗೆ ಈ ಹೆಂಗಸರಿಗೆ ಯಾವ ಕಸುಬು ಕಲಿಸಿದರೆ ಅನ್ನಕ್ಕೆ ದಾರಿಯಾದೀತು ಎಂದು ಹುಡುಕಾಟ ನಡೆದಿತ್ತು. ಹೆಂಗಸರ ಕಣ್ಣು ಮಾತ್ರ ಹೆಡ್ರನ್ ಅವರ ನೀಳವಾದ, ಬಣ್ಣ ಹಚ್ಚಿದ ಉಗುರುಗಳ ಮೇಲಿತ್ತು. ಹೆಡ್ರನ್ ತಮ್ಮ ಉಗುರು ನೋಡಿಕೊಳ್ಳುತ್ತಿದ್ದಾಕೆಯನ್ನೇ ಲಾಸ್ ಏಂಜಲೀಸ್‌ನಿಂದ ಕರೆಸಿದರು. ಇಪ್ಪತ್ತು ಮಂದಿ ಕಲಿತರು. ಹತ್ತಿರದ ಬ್ಯೂಟಿ ಸ್ಕೂಲಿನಲ್ಲಿ ತರಬೇತಿ ಮುಗಿಸಿ, ಲೈಸೆನ್ಸ್ ಪಡೆದು ಕೆಲಸಕ್ಕೆ ಸೇರಿದರು.

ಈ ಕಸುಬಿಗೆ ದೊಡ್ಡ ಬಂಡವಾಳ ಬೇಡ. ಇಂಗ್ಲಿಷ್ ಅಲ್ಪಸ್ವಲ್ಪ ಬಂದರೂ ನಡೆಯುತ್ತದೆ. ಕಲಿತವರು ತಂಗಿಗೆ, ಅತ್ತಿಗೆಗೆ, ನೆರೆಮನೆಯವರಿಗೆ ಕಲಿಸಿದರು. ಮುಂದೆ ಲೈಸೆನ್ಸ್ ಪರೀಕ್ಷೆಯನ್ನು ವಿಯೆಟ್ನಾಮೀ ಭಾಷೆಯಲ್ಲೇ ಬರೆಯುವ ಅನುಕೂಲವೂ ಕ್ಯಾಲಿಫೋರ್ನಿಯಾದಲ್ಲಿ ಬಂತು. ಒಮ್ಮೆ ಸಿನಿಮಾ ನಟಿಯರ, ಶ್ರೀಮಂತರ ಶೋಕಿಯಾಗಿದ್ದ ಮ್ಯಾನಿಕ್ಯೂರ್ ಗುಮಾಸ್ತೆಯರಿಗೂ ನರ್ಸುಗಳಿಗೂ ಎಟುಕುವ ಬೆಲೆಗೆ ಇಳಿಯಿತು. ಇಂದು ಅಮೆರಿಕದಲ್ಲಿ ಉಗುರಿನ ಕಸುಬು ಮಾಡುವವರಲ್ಲಿ ಸುಮಾರು ಅರ್ಧದಷ್ಟು ಜನ ವಿಯೆಟ್ನಾಂ ಮೂಲದವರೆಂದು ಅಂದಾಜು. ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಯುದ್ಧದಲ್ಲಿ ಮನೆಮಠ ಕಳೆದುಕೊಂಡವರು ಉಗುರಿನಷ್ಟು ಜಾಗದಲ್ಲಿ ಬಣ್ಣ ಹಚ್ಚಿ ಮಕ್ಕಳನ್ನು ಕಾಲೇಜಿಗೆ ಕಳಿಸಿದ ಕಥೆ ಇದು.

ಉಸಿರಿನ ಬೆಲೆ

ಆದರೆ ಈ ಅನ್ನಕ್ಕೂ ಒಂದು ಬೆಲೆಯಿತ್ತು. ನೇಲ್ ಪಾಲಿಶ್ ಒಣಗುವುದೆಂದರೆ ಅದರೊಳಗಿನ ದ್ರಾವಕ ಗಾಳಿಗೆ ಸೇರುವುದು. ಬಣ್ಣ ಹಚ್ಚಿಸಿಕೊಳ್ಳುವವರು ಅದನ್ನು ಅರ್ಧ ಗಂಟೆ ಉಸಿರಾಡುತ್ತಾರೆ. ಹಚ್ಚುವವರು ದಿನಕ್ಕೆ ಎಂಟು ಹತ್ತು ಗಂಟೆ, ವರ್ಷಾನುಗಟ್ಟಲೆ ಉಸಿರಾಡುತ್ತಾರೆ. ಹಬ್ಬದ ವಾರಗಳಲ್ಲಿ ಊಟಕ್ಕೂ ಬಿಡುವಿರುವುದಿಲ್ಲ. ಚಳಿಯೆಂದು ಬಾಗಿಲು, ಕಿಟಕಿ ಮುಚ್ಚಿರುತ್ತವೆ.

ಟಾಲ್ಯೂಯಿನ್, ಫಾರ್ಮಾಲ್ಡಿಹೈಡ್, ಡೈಬ್ಯೂಟೈಲ್ ಥ್ಯಾಲೇಟ್ ಎಂಬ ಮೂರು ರಾಸಾಯನಿಕಗಳಿಗೆ ಆರೋಗ್ಯ ಕಾರ್ಯಕರ್ತರು ‘ವಿಷತ್ರಯ’ ಎಂದೇ ಹೆಸರಿಟ್ಟರು. ಟಾಲ್ಯೂಯಿನ್ ತಲೆನೋವು, ತಲೆಸುತ್ತು ತರುತ್ತದೆ. ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕ. ಮೂರನೆಯದು ಸಂತಾನಶಕ್ತಿಗೆ ಮಾರಕವಾಗಬಲ್ಲುದೆಂದು ಯೂರೋಪಿಯನ್ ಒಕ್ಕೂಟ 2004ರಲ್ಲಿ ಅದನ್ನು ಸೌಂದರ್ಯ ಸಾಧನಗಳಲ್ಲಿ ನಿಷೇಧಿಸಿತು. ನಂತರ ಅನೇಕ ಸೀಸೆಗಳ ಮೇಲೆ ‘ವಿಷತ್ರಯ ಮುಕ್ತ’ ಎಂಬ ಚೀಟಿ ಬಂತು. ಕ್ಯಾಲಿಫೋರ್ನಿಯಾ ಸರ್ಕಾರದ ವಿಷವಸ್ತು ನಿಯಂತ್ರಣ ಇಲಾಖೆ 2012ರಲ್ಲಿ ಪರೀಕ್ಷಿಸಿ ನೋಡಿದಾಗ, ಟಾಲ್ಯೂಯಿನ್ ಇಲ್ಲವೆಂದು ಸಾರಿದ 12 ಬಣ್ಣಗಳಲ್ಲಿ 10ರಲ್ಲಿ ಅದು ಇತ್ತು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಚೀಟಿಗಳಿಗೂ ಸಲ್ಲುತ್ತದೆ.

ಕಸುಬಿನವರು ಸುಮ್ಮನೆ ಕೂರಲಿಲ್ಲ. 2005ರಲ್ಲಿ ಆರೋಗ್ಯ ಕಾರ್ಯಕರ್ತರೊಂದಿಗೆ ಸೇರಿ ಕ್ಯಾಲಿಫೋರ್ನಿಯಾದಲ್ಲಿ ಸಂಘಟನೆ ಕಟ್ಟಿದರು. ಸುರಕ್ಷಿತ ಬಣ್ಣ ಬಳಸಿ, ಗಾಳಿಯಾಡುವ ವ್ಯವಸ್ಥೆ ಮಾಡಿದ ಅಂಗಡಿಗಳನ್ನು ಗುರುತಿಸಿ ಮಾನ್ಯತೆ ಕೊಡುವ ಕ್ರಮವನ್ನು ಸ್ಯಾನ್‌ಫ್ರಾನ್ಸಿಸ್ಕೊ ನಗರ 2010ರಲ್ಲಿ ಒಪ್ಪಿಕೊಂಡಿತು. 2016ರಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನು ಬಂತು.

ಕಾಗೆಬಂಗಾರದ ಬಿಲ

ಹೊಳಪಿನ ಇನ್ನೊಂದು ತುದಿ ಭಾರತದಲ್ಲೇ ಇದೆ. ಅಭ್ರಕಕ್ಕೆ ಕನ್ನಡದಲ್ಲಿ ‘ಕಾಗೆಬಂಗಾರ’ ಎಂಬ ಸೊಗಸಾದ ಹೆಸರಿದೆ. ಬಂಗಾರದಂತೆ ಹೊಳೆದರೂ ಬಂಗಾರದ ಬೆಲೆಯಿಲ್ಲದ್ದು ಎಂಬ ಅರ್ಥ ಆ ಹೆಸರಲ್ಲೇ ಅಡಗಿದೆ. ಜಾರ್ಖಂಡದ ಕೊಡರ್ಮಾ, ಗಿರಿಡೀಹ್, ಬಿಹಾರದ ನವಾದಾ ಜಿಲ್ಲೆಗಳು ಈ ಕಾಗೆಬಂಗಾರದ ನಾಡು. 1980ರ ಅರಣ್ಯ ಸಂರಕ್ಷಣೆ ಕಾಯ್ದೆಯ ನಂತರ ಅಲ್ಲಿನ ಗಣಿಗಳು ಒಂದೊಂದಾಗಿ ಮುಚ್ಚಿದವು. ಬಡತನ ಮುಚ್ಚಲಿಲ್ಲ. ಜನ ಹಳೆಯ ಗಣಿಗಳ ರಾಶಿಯಲ್ಲಿ, ತಾವೇ ತೋಡಿದ ಇಕ್ಕಟ್ಟು ಬಿಲಗಳಲ್ಲಿ ಅಭ್ರಕದ ಚೂರು ಆಯಲು ತೊಡಗಿದರು. ಬುಟ್ಟಿ ಹಿಡಿದು ಹೋಗುವವರಲ್ಲಿ ಮಕ್ಕಳೂ ಇದ್ದರು. 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ನಡೆಸಿದ ತನಿಖೆ, ಎರಡೇ ತಿಂಗಳಲ್ಲಿ ಏಳು ಮಕ್ಕಳು ಇಂಥ ಗಣಿಗಳಲ್ಲಿ ಸತ್ತದ್ದನ್ನು ಬಯಲಿಗೆಳೆಯಿತು. ಮರು ವರ್ಷ, 2017ರಲ್ಲಿ, ಅಭ್ರಕ ಬಳಸುವ ಕಂಪನಿಗಳು ಪ್ಯಾರಿಸ್ಸಿನಲ್ಲಿ ಒಂದು ಒಕ್ಕೂಟ ರಚಿಸಿ ಬಾಲಕಾರ್ಮಿಕರಿಲ್ಲದ ಅಭ್ರಕದ ಗುರಿ ಇಟ್ಟುಕೊಂಡವು. ಕೆಲವರು ಕಾರ್ಖಾನೆಯಲ್ಲೇ ತಯಾರಿಸಿದ ಕೃತಕ ಅಭ್ರಕಕ್ಕೆ ಹೊರಳಿದರು. ಆದರೆ ಇಲ್ಲೊಂದು ತೊಡಕಿದೆ. ಕೊಳ್ಳುವುದನ್ನೇ ನಿಲ್ಲಿಸಿದರೆ ಚೂರು ಆಯ್ದು ಬದುಕುವ ಮನೆಯ ಒಲೆಯೂ ಆರುತ್ತದೆ. ಮಗುವಿನ ಕೈಗೆ ಬುಟ್ಟಿಯ ಬದಲು ಸ್ಲೇಟು ಬರಬೇಕಾದರೆ ದೊಡ್ಡವರ ಕೈಗೆ ನ್ಯಾಯವಾದ ಕೂಲಿ ಬರಬೇಕು.

ಪ್ಲಾಸ್ಟಿಕ್ ಮಿನುಗಿನ ಮೇಲೂ ಕಾನೂನಿನ ಕಣ್ಣು ಬಿದ್ದಿದೆ. ಕರಗದ, ಕೊಳೆಯದ ಈ ಚೂರುಗಳು ನೀರಿನೊಡನೆ ನದಿ, ಸಮುದ್ರ ಸೇರುತ್ತವೆ. ಪ್ಲಾಸ್ಟಿಕ್ಕಿನ ಬಿಡಿ ಗ್ಲಿಟರ್ ಮಾರಾಟವನ್ನು ಯೂರೋಪಿಯನ್ ಒಕ್ಕೂಟ 2023ರ ಅಕ್ಟೋಬರ್ 17ರಿಂದ ನಿರ್ಬಂಧಿಸಿದೆ. ನೇಲ್ ಪಾಲಿಶ್‌ಗೆ ಮಾತ್ರ 2035ರವರೆಗೆ ಕಾಲಾವಕಾಶ ಕೊಟ್ಟಿದೆ.

ಹಾಗಾದರೆ ಹಬ್ಬಕ್ಕೆ ಬೆರಳು ಸಿಂಗರಿಸಬಾರದೆ? ಖಂಡಿತ ಸಿಂಗರಿಸಬಹುದು. ಕತ್ತಲೆಯ ತಿಂಗಳಲ್ಲಿ ಚೂರು ಬೆಳಕು ಬಯಸುವುದು ತಪ್ಪಲ್ಲ. ಬೆಂಗಳೂರಿನ ಬ್ಯೂಟಿ ಪಾರ್ಲರ್‌ಗಳಲ್ಲಿ ಈಶಾನ್ಯ ರಾಜ್ಯಗಳಿಂದ ಬಂದ ಎಷ್ಟೋ ಯುವತಿಯರು, ಊರು ಬಿಟ್ಟು ಬಂದ ಆ ವಿಯೆಟ್ನಾಂ ಹೆಂಗಸರಂತೆಯೇ, ಮೇಜಿನ ಆಚೆಗೆ ತಲೆ ಬಗ್ಗಿಸಿ ಕುಳಿತಿರುತ್ತಾರೆ. ಕೈ ಚಾಚುವವರು ಅಷ್ಟು ಮಾಡಬಹುದು: ಕಿಟಕಿ ತೆರೆದಿದೆಯೇ ನೋಡಬಹುದು, ಸೀಸೆಯ ಚೀಟಿ ಓದಬಹುದು, ಕುಂಚ ಹಿಡಿದವರ ಹೆಸರು ಕೇಳಬಹುದು, ತುಸು ಹೆಚ್ಚು ಕೊಡಬಹುದು.

ಮಿನುಗು ಎರಡು ವಾರಕ್ಕೆ ಅಳಿಸಿಹೋಗುತ್ತದೆ. ಅದನ್ನು ಹಚ್ಚಿದ ಕೈಯೂ, ನೆಲದಿಂದ ಆಯ್ದು ತೆಗೆದ ಕೈಯೂ ಮರುದಿನ ಮತ್ತೆ ಕೆಲಸಕ್ಕೆ ಹೋಗುತ್ತವೆ.